ಕೆರೆಗಿಂತ ಮೇಲಿನ ನೆಲ

ಹಾವೇರಿ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಮಲೆನಾಡು ಮುಗಿಯುತ್ತದೆ. ಪೂರ್ವದ ಅಂಚಿಗೆ ಬರುವಷ್ಟರಲ್ಲಿ ಬಯಲುಸೀಮೆ ಪೂರ್ತಿ ಬಿಚ್ಚಿಕೊಂಡಿರುತ್ತದೆ. ಹಾನಗಲ್ಲಿನ ಭತ್ತದ ಗದ್ದೆಯಿಂದ ಸವಣೂರಿನ ಎರಿ ಹೊಲಕ್ಕೆ ಬಸ್ಸಿನಲ್ಲಿ ಹೊರಟರೆ ಊಟದ ಹೊತ್ತಿಗೆ ಮುಟ್ಟಬಹುದು. ಅಷ್ಟು ದೂರದಲ್ಲೇ ಮಳೆ ಕಡಿಮೆಯಾಗುತ್ತದೆ, ಮಣ್ಣಿನ ಬಣ್ಣ ಬದಲಾಗುತ್ತದೆ, ಮಾವಿನ ತೋಪು ಹೋಗಿ ಹತ್ತಿ, ಮೆಣಸಿನಕಾಯಿ ಕಾಣುತ್ತವೆ. ಈಗ ಎರಡೂ ಕಡೆ ಗೋವಿನಜೋಳ ಹಬ್ಬಿಕೊಂಡಿರುವುದರಿಂದ ಈ ವ್ಯತ್ಯಾಸ ಮೊದಲಿನಷ್ಟು ಎದ್ದು ಕಾಣುವುದಿಲ್ಲ. ಹಂಸಭಾವಿ ಇರುವುದು ಈ ಎರಡು ನಾಡುಗಳ ನಡುವೆ, ಹಿರೇಕೆರೂರು ತಾಲ್ಲೂಕಿನಲ್ಲಿ. ಸುತ್ತ ಸಣ್ಣ ಗುಡ್ಡಗಳು, ಮಸಾರಿ ನೆಲ, ಗುಡ್ಡದ ಬುಡದಲ್ಲಿ ಹಳ್ಳ, ಹಳ್ಳಕ್ಕೆ ಅಡ್ಡಲಾಗಿ ಕೆರೆ. ಹಾನಗಲ್ಲಿನ ಕಡೆ ಬಿದ್ದ ನೀರು ಧರ್ಮಾ ನದಿಯ ಮೂಲಕ ವರದಾ ಸೇರುತ್ತದೆ. ಹಿರೇಕೆರೂರಿನ ನೀರನ್ನು ಕುಮುದ್ವತಿ ಒಯ್ಯುತ್ತದೆ. ಎರಡೂ ಕೊನೆಗೆ ತುಂಗಭದ್ರೆಯ ಪಾಲು.

ಈ ನೆಲದಲ್ಲಿ 500 ಹೆಕ್ಟೇರಿನ ಒಂದು ಪುಟ್ಟ ಜಲಾನಯನವನ್ನು ಕಲ್ಪಿಸಿಕೊಳ್ಳಿ. ಅಂದರೆ ಗುಡ್ಡದ ನೆತ್ತಿಯಿಂದ ಕೆರೆಯ ಏರಿಯವರೆಗೆ, ಬಿದ್ದ ಹನಿಯೆಲ್ಲ ಒಂದೇ ಹಳ್ಳಕ್ಕೆ ಇಳಿಯುವ ಪ್ರದೇಶ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆಯಾದರೆ 10,000 ಲೀಟರ್ ನೀರು ಬಿದ್ದಂತೆ. ಪುನರ್ವಸು ಮಳೆಯ ಒಂದು ಸಂಜೆ 40 ಮಿಲಿಮೀಟರ್ ಸುರಿದರೆ ನಮ್ಮ 500 ಹೆಕ್ಟೇರಿಗೆ ಬಂದದ್ದು 20 ಕೋಟಿ ಲೀಟರ್. ಅದರಲ್ಲಿ ಕಾಲು ಭಾಗ ಹರಿದರೂ ಐದು ಕೋಟಿ ಲೀಟರ್ ಹಳ್ಳ ಸೇರುತ್ತದೆ. ಇಷ್ಟು ನೀರು ಎರಡು ಗಂಟೆಯಲ್ಲಿ ಇಳಿದು ಬಂದರೆ ಒಡ್ಡು ಒಡೆಯುತ್ತದೆ, ಹೊಲ ಕೊರೆಯುತ್ತದೆ. ಅದೇ ನೀರು ಎರಡು ತಿಂಗಳು ತೆಗೆದುಕೊಂಡು ಮಣ್ಣಿನೊಳಗಿಂದ ಬಸಿದು ಬಂದರೆ ಭತ್ತ ತೆನೆಗಟ್ಟುವ ಹೊತ್ತಿಗೂ ಹಳ್ಳದಲ್ಲಿ ತೇವ ಇರುತ್ತದೆ. ಮಳೆಯ ಪ್ರಮಾಣ ಎರಡು ಸಂದರ್ಭಗಳಲ್ಲೂ ಒಂದೇ. ವ್ಯತ್ಯಾಸ ಇರುವುದೆಲ್ಲ ಇಳಿಜಾರಿನ ಮೇಲ್ಮೈಯಲ್ಲಿ, ಅಲ್ಲಿಯ ಮೊದಲ ಗೇಣು ಮಣ್ಣಿನಲ್ಲಿ.

ಆ ಗೇಣು ಮಣ್ಣಿನಲ್ಲಿ ನಡೆಯುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಐದು ಮಿಲಿಮೀಟರ್ ಗಾತ್ರದ ದಪ್ಪ ಹನಿ ನೆಲ ಮುಟ್ಟುವಾಗ ಗಂಟೆಗೆ ಸುಮಾರು 32 ಕಿಲೋಮೀಟರ್ ವೇಗದಲ್ಲಿರುತ್ತದೆ. ಬರಿಯ ನೆಲಕ್ಕೆ ಬಿದ್ದರೆ ಅದು ಮಣ್ಣಿನ ಹರಳನ್ನು ಒಡೆಯುತ್ತದೆ. ಒಡೆದ ನುಣ್ಣನೆಯ ಕಣಗಳು ನೆಲದ ಸಣ್ಣ ರಂಧ್ರಗಳಿಗೆ ಇಳಿದು ಬಾಯಿ ಮುಚ್ಚುತ್ತವೆ; ಮೇಲೆ ತೆಳ್ಳಗಿನ ಹೆಕ್ಕಳಿಕೆ ಕಟ್ಟುತ್ತದೆ. ಆಮೇಲೆ ಬಿದ್ದ ನೀರಿಗೆ ಒಳದಾರಿ ಇಲ್ಲ, ಹರಿಯಲೇಬೇಕು. ಹರಿಯುವ ನೀರಿನ ವೇಗ ಎರಡರಷ್ಟಾದರೆ ಅದರ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ಆದ್ದರಿಂದಲೇ ಇಳಿಜಾರಿನ ತುದಿಯಲ್ಲಿ ಬೆರಳಗಲದ ಗೀರಾಗಿ ಹೊರಟದ್ದು ಬುಡಕ್ಕೆ ಬರುವಾಗ ಆಳುದ್ದದ ಕೊರಕಲಾಗಿರುತ್ತದೆ. ಅದೇ ನೆಲದ ಮೇಲೆ ಹುಲ್ಲು, ತರಗೆಲೆ ಇದ್ದರೆ ಹನಿಯ ಪೆಟ್ಟು ಅಲ್ಲೇ ಮುಗಿಯುತ್ತದೆ. ಸತ್ತ ಬೇರಿನ ಕೊಳವೆ, ಗೆದ್ದಲಿನ ಸುರಂಗ, ಎರೆಹುಳದ ದಾರಿ ನೀರನ್ನು ಒಳಗೆ ಕರೆದುಕೊಳ್ಳುತ್ತವೆ.

ಭಾರತದಲ್ಲಿ ವರ್ಷಕ್ಕೆ ಒಂದು ಹೆಕ್ಟೇರಿನಿಂದ ಸರಾಸರಿ 16 ಟನ್ ಮಣ್ಣು ಕೊಚ್ಚಿಹೋಗುತ್ತದೆ ಎಂಬುದು ಧ್ರುವನಾರಾಯಣ ಮತ್ತು ರಾಮ್ ಬಾಬು 1983ರಲ್ಲಿ ಮಾಡಿದ ಅಂದಾಜು. ದಪ್ಪದ ಲೆಕ್ಕದಲ್ಲಿ ಇದು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಒಬ್ಬ ರೈತ ತನ್ನ ಜೀವಮಾನದಲ್ಲಿ ಅದನ್ನು ಕಣ್ಣಾರೆ ಕಾಣುವುದು ಕಷ್ಟ. ಆದರೆ 500 ಹೆಕ್ಟೇರಿನಿಂದ ಅದು ವರ್ಷಕ್ಕೆ 8,000 ಟನ್. ಅದರಲ್ಲಿ ಒಂದು ಪಾಲು ದಾರಿಯಲ್ಲಿ ಒಡ್ಡಿನ ಬುಡದಲ್ಲಿ ನಿಲ್ಲುತ್ತದೆ, ಉಳಿದದ್ದು ಕೆರೆ ಸೇರುತ್ತದೆ, ಕೆರೆ ದಾಟಿದ್ದು ನದಿಗೆ. ಹೊಸಪೇಟೆಯ ತುಂಗಭದ್ರಾ ಜಲಾಶಯ 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಹಿಡಿಯುವುದು 105 ಟಿಎಂಸಿಯ ಆಸುಪಾಸು. ಕಳೆದುಹೋದ ಆ ಜಾಗದಲ್ಲಿ ಇಡೀ ತುಂಗಭದ್ರಾ ಕಣಿವೆಯ ಮಣ್ಣಿದೆ. ಹಾನಗಲ್, ಹಿರೇಕೆರೂರುಗಳ ಮಣ್ಣೂ ಅದರಲ್ಲಿದೆ.

ಹೂಳು ತೆಗೆಯುವುದು ಈ ಸೀಮೆಗೆ ಹೊಸದಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಚಕ್ಕಡಿಯಲ್ಲಿ ಗೋಡು ಮಣ್ಣು ಹೇರಿ ಮಸಾರಿ ಹೊಲಕ್ಕೆ ಹಾಕುವುದು ಹಳೆಯ ರೂಢಿ. ಈಗ ಚಕ್ಕಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ನುಣ್ಣನೆಯ ಗೋಡು ಬಿದ್ದ ಹೊಲ ಮುಂದಿನ ಎರಡು ಮೂರು ಬೆಳೆಗೆ ತೇವ ಹೆಚ್ಚು ಹಿಡಿಯುತ್ತದೆ. ಮೇಲಿನ ಹೊಲ ಕಳೆದುಕೊಂಡದ್ದನ್ನು ಕೆಳಗಿನಿಂದ ಎತ್ತಿ ಹಿಂದಿರುಗಿಸುವ ಈ ಪದ್ಧತಿಯಲ್ಲಿ ದೊಡ್ಡ ವಿವೇಕವಿದೆ. ಅದರಲ್ಲಿ ಒಂದು ಪರೀಕ್ಷೆಯೂ ಅಡಗಿದೆ. ಕೆರೆಯಂಗಳ ಅಗೆದಾಗ ಗೋಡಿನ ಬದಲು ಗರಸು, ನೊರಜುಗಲ್ಲು ಸಿಗತೊಡಗಿದರೆ ಮೇಲಿನ ಇಳಿಜಾರಿನಲ್ಲಿ ಒಳ್ಳೆಯ ಮಣ್ಣು ಆಗಲೇ ಮುಗಿದಿದೆ ಎಂದು ಅರ್ಥ. ಅಂಥ ಕೆರೆಯನ್ನು ಯಂತ್ರ ತಂದು ಎಷ್ಟು ಆಳ ತೋಡಿದರೂ ನಾಲ್ಕಾರು ಮಳೆಗಾಲದಲ್ಲಿ ಮತ್ತೆ ತುಂಬುತ್ತದೆ. ಕೆರೆ ಎಂದರೆ ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂದು ಎಣಿಸುವ ನಮ್ಮ ಕಡತಗಳು ಐದನೆಯದನ್ನು ಬಿಟ್ಟುಬಿಡುತ್ತವೆ: ಕೆರೆಗಿಂತ ಮೇಲಿನ ನೆಲ. ಅದು ಬಹುಪಾಲು ಯಾರೊಬ್ಬರ ಹೆಸರಿನಲ್ಲೂ ಇಲ್ಲದ ನೆಲ. ಗೋಮಾಳ, ಗಾಯರಾಣ, ಗುಡ್ಡ, ಕಂದಾಯ ಇಲಾಖೆಯ ಭಾಷೆಯಲ್ಲಿ ಸಿ ಮತ್ತು ಡಿ ವರ್ಗದ ಜಮೀನು.

ಆ ನೆಲ ಯಾರದು ಎಂಬ ಪ್ರಶ್ನೆಯನ್ನು ದೇಶದ ಮುಂದೆ ಗಟ್ಟಿಯಾಗಿ ಇಟ್ಟದ್ದು ಇದೇ ಹಾನಗಲ್ ತಾಲ್ಲೂಕು. 1984ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಹರಿಹರ ಪಾಲಿಫೈಬರ್ಸ್ ಜತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಕಟ್ಟಿತು. ಸರ್ಕಾರದ ಪಾಲು ಶೇ. 51, ಕಾರ್ಖಾನೆಯ ಪಾಲು ಶೇ. 49. ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿಯಂಥ ಬೇಗ ಬೆಳೆಯುವ ಮರ ಹಾಕಿ ಕಾರ್ಖಾನೆಗೆ ತಿರುಳಿನ ಕಟ್ಟಿಗೆ ಒದಗಿಸುವುದು ಉದ್ದೇಶ. ಗುತ್ತಿಗೆ 40 ವರ್ಷಕ್ಕೆ, ಬಾಡಿಗೆ ಎಕರೆಗೆ ವರ್ಷಕ್ಕೆ ಒಂದು ರೂಪಾಯಿ. ಕಾಗದದಲ್ಲಿ ಅದು ಪಾಳು ಭೂಮಿ. ಊರವರಿಗೆ ಅದು ದನ ಮೇಯುವ ಜಾಗ, ಉರುವಲು, ನೇಗಿಲಿನ ಕಟ್ಟಿಗೆ, ಬೇಲಿಯ ಮುಳ್ಳು, ಹೊದಿಕೆಯ ಹುಲ್ಲು ಸಿಗುವ ಜಾಗ.

1986ರ ಕೊನೆಗೆ ಶಿವರಾಮ ಕಾರಂತರು ಸಮಾಜ ಪರಿವರ್ತನ ಸಮುದಾಯದ ಜತೆಗೂಡಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. ಎಸ್.ಆರ್. ಹಿರೇಮಠರ ನೇತೃತ್ವದ ಈ ಸಂಘಟನೆ ಅದಕ್ಕೂ ಮೊದಲು ತುಂಗಭದ್ರೆಯ ಮಾಲಿನ್ಯದ ವಿರುದ್ಧ ನದಿ ದಂಡೆಯ ಊರುಗಳನ್ನು ಒಟ್ಟುಗೂಡಿಸಿತ್ತು. 1987ರ ಮಾರ್ಚಿನಲ್ಲಿ ಕೋರ್ಟು ಮತ್ತಷ್ಟು ಭೂಮಿ ಕಂಪನಿಗೆ ಹೋಗದಂತೆ ತಡೆಯಾಜ್ಞೆ ಕೊಟ್ಟಿತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಸುಮಾರು ಎರಡು ಸಾವಿರ ಜನ ಪೊಲೀಸರ ಸಾಲು ದಾಟಿ ನೆಡುತೋಪಿಗೆ ಹೋದರು, ನೂರರಷ್ಟು ನೀಲಗಿರಿ ಸಸಿ ಕಿತ್ತರು, ಆ ಜಾಗದಲ್ಲಿ ಹಣ್ಣಿನ, ಮೇವಿನ ಗಿಡ ಹಚ್ಚಿದರು. 1991ರಲ್ಲಿ ಸರ್ಕಾರ ಆ ಕಂಪನಿಯನ್ನೇ ಮುಚ್ಚಿತು. ಪರಿಸರ ಚರಿತ್ರೆ ಬರೆಯುವವರು ಕುಸನೂರನ್ನು ಬಡವರ ಪರಿಸರ ಹೋರಾಟದ ಉದಾಹರಣೆಯಾಗಿ ಮತ್ತೆ ಮತ್ತೆ ಎತ್ತಿಕೊಂಡಿದ್ದಾರೆ. ಅದನ್ನು ಜಲವಿಜ್ಞಾನದ ಅಧ್ಯಾಯವಾಗಿಯೂ ಓದಬೇಕು ಎಂಬುದು ನನ್ನ ಒತ್ತಾಯ. ಕಿತ್ತ ಗಿಡದಷ್ಟೇ ಹಚ್ಚಿದ ಗಿಡವೂ ಅಲ್ಲಿ ಮುಖ್ಯವಾಗಿತ್ತು. ಇಳಿಜಾರಿನ ಮೇಲೆ ಏನು ಬೆಳೆಯಬೇಕು ಎಂಬುದನ್ನು ಅದರ ಕೆಳಗೆ ಬದುಕುವವರು ತೀರ್ಮಾನಿಸುತ್ತೇವೆ ಎಂದು ಆ ದಿನ ಹೇಳಿದರು.

ನೀಲಗಿರಿ ನಿಜವಾಗಿಯೂ ನೀರು ಹೀರುತ್ತದೆಯೇ? ಆ ದಿನಗಳಲ್ಲಿ ಎರಡೂ ಕಡೆಯವರು ಗಟ್ಟಿ ದನಿಯಲ್ಲಿ ಮಾತಾಡುತ್ತಿದ್ದರು, ಅಳತೆಗಳು ಕಡಿಮೆ ಇದ್ದವು. ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಕರ್ನಾಟಕದ ಅರಣ್ಯ ಇಲಾಖೆಯ ಜತೆ ಸೇರಿ ಶಿವಮೊಗ್ಗದ ಪುರದಾಳು, ಬೆಂಗಳೂರಿನ ಬಳಿಯ ಹೊಸಕೋಟೆ ಮುಂತಾದ ಕಡೆ ಮರಗಳ ನೀರಿನ ಬಳಕೆಯನ್ನು ಅಳೆದು 1992ರಲ್ಲಿ ಪ್ರಕಟಿಸಿದರು. ಮಣ್ಣು ಮಧ್ಯಮ ಆಳವಿದ್ದ ಕಡೆ ನೀಲಗಿರಿ ಬಳಸಿದ ನೀರು ಎಲೆಯುದುರುವ ಸ್ಥಳೀಯ ಕಾಡು ಬಳಸಿದ್ದಕ್ಕಿಂತ ಹೆಚ್ಚೇನೂ ಇರಲಿಲ್ಲ. ಆದರೆ ಅದು ರಾಗಿ ಹೊಲ ಬಳಸುವುದರ ಹೆಚ್ಚುಕಡಿಮೆ ಎರಡರಷ್ಟಿತ್ತು. ಮಣ್ಣು ಆಳವಾಗಿದ್ದ ಹೊಸಕೋಟೆಯಲ್ಲಿ ಬೇರುಗಳು ಎಂಟು ಮೀಟರಿನವರೆಗೆ ಇಳಿದು, ಬಿದ್ದ ಮಳೆಗಿಂತ ಹೆಚ್ಚು ನೀರು ಬಳಸಿದವು, ಆ ಹೆಚ್ಚಿನದನ್ನು ಮಣ್ಣಿನ ಹಳೆಯ ಸಂಗ್ರಹದಿಂದ ಎತ್ತಿದವು. ಅಂದರೆ ‘ನೀಲಗಿರಿ ಒಳ್ಳೆಯದೇ ಕೆಟ್ಟದ್ದೇ’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಯಾವ ಮಣ್ಣಿನಲ್ಲಿ, ಯಾವುದರ ಬದಲಿಗೆ ಎಂದು ಕೇಳಿದರೆ ಉತ್ತರವಿದೆ. ಹುಲ್ಲಿನ ಗುಡ್ಡದ ಮೇಲೆ ಒತ್ತೊತ್ತಾಗಿ ಹಾಕಿದರೆ ಕೆಳಗಿನ ಹಳ್ಳ ಅದರ ಬೆಲೆ ತೆರುತ್ತದೆ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಹಾಕುವುದನ್ನೇ ನಿಷೇಧಿಸಿತು.

ಹಾನಗಲ್ಲಿನ ಪಕ್ಕದ ಉತ್ತರ ಕನ್ನಡದಲ್ಲಿ ನಡೆದ ಮತ್ತೊಂದು ಅಧ್ಯಯನ ಮಾಲೆ ಇನ್ನೂ ಹೆಚ್ಚಿನದನ್ನು ಕಲಿಸುತ್ತದೆ. ಮೈಕ್ ಬೊನೆಲ್, ಜಗದೀಶ ಕೃಷ್ಣಸ್ವಾಮಿ, ಬಿ. ವೆಂಕಟೇಶ್, ಬಿ.ಕೆ. ಪುರಂದರ ಮತ್ತಿತರರು ಸಹಜ ಕಾಡು, ಅಕೇಶಿಯ ನೆಡುತೋಪು, ಸೊರಗಿದ ಕಾಡು ಈ ಮೂರು ಬಗೆಯ ಪುಟ್ಟ ಜಲಾನಯನಗಳಲ್ಲಿ ಮಣ್ಣು ನೀರನ್ನು ಒಳಗೆ ಬಿಟ್ಟುಕೊಳ್ಳುವ ವೇಗವನ್ನೂ ಹಳ್ಳದ ಹರಿವನ್ನೂ ಅಳೆದರು. ಸೊರಗಿದ ನೆಲದಲ್ಲಿ ಮಳೆಯ ದೊಡ್ಡ ಪಾಲು ಆಗಿಂದಾಗಲೇ ಹಳ್ಳವಾಗಿ ಓಡಿತು. ಅಂತರ್ಜಲಕ್ಕೆ ಹೋದದ್ದು ಮೂರರಲ್ಲೇ ಎಲ್ಲಕ್ಕಿಂತ ಕಡಿಮೆ. ಮರ ನೆಟ್ಟ ಕಡೆ ಮಣ್ಣು ಸ್ವಲ್ಪ ಚೇತರಿಸಿಕೊಂಡಿತ್ತು, ಸಹಜ ಕಾಡಿನ ಮಟ್ಟ ಮುಟ್ಟಿರಲಿಲ್ಲ. ಮರ ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ಬೇರು, ತರಗೆಲೆಗಳಿಂದ ನೆಲದ ಬಾಯಿ ತೆರೆಯುತ್ತದೆ. ಎಲೆಯಿಂದ ನೀರನ್ನು ಆವಿ ಮಾಡಿ ಕಳೆಯುತ್ತದೆ. ಇಂಗಿದ್ದು ಹೆಚ್ಚೋ ಕಳೆದದ್ದು ಹೆಚ್ಚೋ ಎಂಬುದರ ಮೇಲೆ ಬೇಸಿಗೆಯ ಹಳ್ಳ ನಿಂತಿದೆ. ಮಳೆ ಅಬ್ಬರಿಸುವ ಕಡೆ ಇಂಗುವಿಕೆಯ ಲಾಭ ದೊಡ್ಡದು. ಸವಣೂರಿನ ಕಡೆ ಬಂದಷ್ಟೂ ಮರದ ಖರ್ಚು ಎದ್ದು ಕಾಣುತ್ತದೆ. ಹಾಗಾಗಿ ಹಾನಗಲ್ಲಿನ ಗುಡ್ಡಕ್ಕೆ ಸರಿಹೋಗುವ ದಟ್ಟ ಮರಗಾಡು ಸವಣೂರು, ಶಿಗ್ಗಾಂವಿಗಳ ಒಣ ದಿಬ್ಬಕ್ಕೆ ಸರಿಹೋಗಬೇಕಿಲ್ಲ. ಅಲ್ಲಿ ಹುಲ್ಲು, ಚದುರಿದಂತೆ ಬೇವು, ಹುಣಸೆ, ಜಾಲಿ ಸಾಕಾದೀತು. ಒಂದೇ ಜಿಲ್ಲೆಗೆ ಒಂದೇ ಸಸಿಯ ಪಟ್ಟಿ ಕಳಿಸುವ ನರ್ಸರಿಗಳು ಇದನ್ನು ಗಮನಿಸಬೇಕು.

ಇಳಿಜಾರಿನಿಂದ ಕೆರೆಯವರೆಗೆ ಇಡೀ ನೆಲವನ್ನು ಒಂದಾಗಿ ನೋಡುವ ದೊಡ್ಡ ಪ್ರಯತ್ನ ಈ ಜಿಲ್ಲೆಗೆ ಬಂದದ್ದು 2001ರಲ್ಲಿ. ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ ಹಾವೇರಿ, ಧಾರವಾಡ, ಚಿತ್ರದುರ್ಗ, ತುಮಕೂರು, ಕೋಲಾರ ಈ ಐದು ಜಿಲ್ಲೆಗಳಲ್ಲಿ 2009ರವರೆಗೆ ನಡೆಯಿತು. ಅದರ ಘಟಕ ಸುಮಾರು 500 ಹೆಕ್ಟೇರಿನ ಕಿರು ಜಲಾನಯನ. ಕೆಲಸ ನೆತ್ತಿಯಿಂದ ಬುಡಕ್ಕೆ: ಮೊದಲು ಗುಡ್ಡದಲ್ಲಿ ಟ್ರೆಂಚು ಮತ್ತು ಗಿಡ, ಆಮೇಲೆ ಹೊಲಗಳಲ್ಲಿ ಸಮಪಾತಳಿಯ ಬದು, ಕೃಷಿ ಹೊಂಡ, ಕೊನೆಗೆ ಹಳ್ಳದಲ್ಲಿ ಕಲ್ಲಿನ ತಡೆ, ಚೆಕ್ ಡ್ಯಾಂ. ಈ ಕ್ರಮ ತಪ್ಪಿಸಿ ಕೆಳಗಿನ ಚೆಕ್ ಡ್ಯಾಂ ಮೊದಲು ಕಟ್ಟಿದರೆ ಅದು ಮೇಲಿನ ಮಣ್ಣಿನಿಂದಲೇ ಹೂತುಹೋಗುತ್ತದೆ. ಆದರೆ ಗುತ್ತಿಗೆದಾರರಿಗೂ ಉದ್ಘಾಟನೆಗೂ ಒಗ್ಗುವುದು ಕಾಂಕ್ರೀಟಿನ ಚೆಕ್ ಡ್ಯಾಮೇ. ಗುಡ್ಡದ ಟ್ರೆಂಚಿನ ಮುಂದೆ ನಿಂತು ರಿಬ್ಬನ್ ಕತ್ತರಿಸುವವರು ಕಡಿಮೆ.

ಸುಜಲದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಅಕ್ಕಪಕ್ಕದ ಹೊಲದವರು ಸೇರಿ ಮಾಡಿಕೊಂಡ ಗುಂಪುಗಳು. ಬದು ಎಂಬುದು ಎರಡು ಹೊಲಗಳ ನಡುವಿನ ವಿಷಯ. ಮೇಲಿನವನ ಹೊಲದಿಂದ ಹೆಚ್ಚಿನ ನೀರು ಎಲ್ಲಿ ಹೊರಬರಬೇಕು ಎಂಬುದು ತೀರ್ಮಾನವಾಗದೆ ಬದು ಹಾಕಿದರೆ ಮೊದಲ ದೊಡ್ಡ ಮಳೆಗೇ ಅದು ಒಡೆಯುತ್ತದೆ, ಮನಸ್ತಾಪವೂ ಹುಟ್ಟುತ್ತದೆ. ಸರ್ವೆ ನಂಬರು ನಂಬರಿಗೂ ಮಾಲೀಕನನ್ನು ಕೂರಿಸಿಕೊಂಡು ಯೋಜನೆ ಬರೆದದ್ದರಿಂದ, ಖರ್ಚಿನಲ್ಲಿ ರೈತನೂ ಪಾಲು ಹಾಕಿದ್ದರಿಂದ ಆ ಮಾತುಕತೆ ಅನಿವಾರ್ಯವಾಯಿತು. ಇಸ್ರೋದ ಆಂಟ್ರಿಕ್ಸ್ ಸಂಸ್ಥೆ ಉಪಗ್ರಹ ಚಿತ್ರಗಳ ಸಹಾಯದಿಂದ ಕೆಲಸದ ಮೌಲ್ಯಮಾಪನ ಮಾಡಿತು. ಅದೇ ಕಾಲಕ್ಕೆ ಜಲ ಸಂವರ್ಧನೆ ಯೋಜನಾ ಸಂಘ ಹಾವೇರಿಯೂ ಸೇರಿ ಒಂಬತ್ತು ಜಿಲ್ಲೆಗಳಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿಸಿ ಕೆರೆಗಳ ದುರಸ್ತಿ ನಡೆಸಿತು. ಒಂದು ಯೋಜನೆ ಹೊಲದ್ದು, ಇನ್ನೊಂದು ಕೆರೆಯದ್ದು. ಎರಡು ಸಮಿತಿ, ಎರಡು ಪುಸ್ತಕ. ಆದರೆ ಎರಡಕ್ಕೂ ನೀರು ಬರಬೇಕಾದದ್ದು ಒಂದೇ ಗುಡ್ಡದಿಂದ.

ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಮೇಲಿನ ಹೊಲಗಳಲ್ಲಿ ಬದು, ಹೊಂಡ, ತಡೆಗಳು ಹೆಚ್ಚಾದಂತೆ ಕೆರೆಗೆ ಬರುವ ಹರಿವು ಕಡಿಮೆಯಾಗುತ್ತದೆ. ಚಿತ್ರದುರ್ಗ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಕವಾಡ್ ಎಂಬ ಜಲಾನಯನ ಯೋಜನೆಗಾಗಿ ನೀರಿನ ಲೆಕ್ಕಪರಿಶೋಧನೆ ಮಾಡಿದ ಚಾರ್ಲ್ಸ್ ಬ್ಯಾಚೆಲರ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ನೇರವಾಗಿ ಬರೆದರು. ತಡೆಗಳು ನೀರನ್ನು ಹೊಸದಾಗಿ ಹುಟ್ಟಿಸುವುದಿಲ್ಲ, ಅದರ ಜಾಗ ಬದಲಿಸುತ್ತವೆ. ಇಂಗಿದ ನೀರು ಬೋರ್‌ವೆಲ್ಲಿಗೆ ಹೋಗುತ್ತದೆ. ಬೋರ್‌ವೆಲ್ ಇರುವುದು ದುಡ್ಡಿದ್ದವನ ಹೊಲದಲ್ಲಿ. ಕೆರೆಯ ನೀರನ್ನು ನಂಬಿದ್ದ ಸಣ್ಣ ಗದ್ದೆಯವನು, ಮೀನುಗಾರ, ಅಗಸ, ದನ ಸಾಕಿದ ಭೂಹೀನ ಮನೆ ಕಳೆದುಕೊಳ್ಳುತ್ತಾರೆ. ನಮ್ಮದು ಗಟ್ಟಿ ಕಲ್ಲಿನ ನಾಡು. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ ಮಾತ್ರ. ನೂರು ಜನ ಇಂಗಿಸಿದ್ದನ್ನು ಹತ್ತು ಪಂಪುಗಳು ಒಂದು ಬೇಸಿಗೆಯಲ್ಲಿ ಎತ್ತಿ ಮುಗಿಸಬಲ್ಲವು. ಹಾಗಾಗಿ ಇಂಗಿಸುವ ಒಪ್ಪಂದದ ಜತೆ ಎತ್ತುವ ಒಪ್ಪಂದವೂ ಇರಬೇಕು. ಎಷ್ಟು ಬೋರ್, ಯಾವ ಬೆಳೆ, ಕೆರೆಗೆ ಎಷ್ಟು ಬಿಡಬೇಕು ಎಂಬುದನ್ನು ಮಳೆಗಾಲಕ್ಕೆ ಮೊದಲೇ ಮಾತಾಡಿಕೊಳ್ಳಬೇಕು. ಅಡಿಕೆ ತೋಟ ಹಾನಗಲ್ಲಿನಿಂದ ಒಣ ಕಡೆಗೆ ಜಾರುತ್ತಿರುವ ಈ ದಿನಗಳಲ್ಲಿ ಇದು ಮುಜುಗರದ ಮಾತು. ಆದರೂ ಆಡಲೇಬೇಕಾದ ಮಾತು.

ಈ ಲೆಕ್ಕವನ್ನು ಸರಿಯಾಗಿ ಬಿಡಿಸಿದ ಒಂದು ಊರು ನಮ್ಮಿಂದ ದೂರದ ಹರಿಯಾಣದಲ್ಲಿದೆ. ಚಂಡೀಗಢದ ಸುಖನಾ ಸರೋವರ ಹೂಳು ತುಂಬತೊಡಗಿದಾಗ ಮಣ್ಣು ಸಂರಕ್ಷಣೆಯ ವಿಜ್ಞಾನಿ ಪಿ.ಆರ್. ಮಿಶ್ರಾ ಆ ಹೂಳಿನ ಜಾಡು ಹಿಡಿದು ಮೇಲಿನ ಸುಖೋಮಾಜ್ರಿ ಎಂಬ ಹಳ್ಳಿಗೆ ಹೋದರು. 1970ರ ದಶಕದಲ್ಲಿ ಅಲ್ಲಿ ಸಣ್ಣ ಮಣ್ಣಿನ ಕಟ್ಟೆ ಕಟ್ಟಲಾಯಿತು. ನೀರು ಬಂದರೂ ಗುಡ್ಡಕ್ಕೆ ದನ, ಮೇಕೆ ಹೋಗುವುದು ನಿಲ್ಲಲಿಲ್ಲ, ಏಕೆಂದರೆ ಲಾಭವೆಲ್ಲ ಹೊಲವಿದ್ದವರಿಗೆ. ಕೊನೆಗೆ ಊರು ಒಂದು ನಿರ್ಧಾರಕ್ಕೆ ಬಂತು: ಹೊಲ ಇರಲಿ ಇಲ್ಲದಿರಲಿ, ಪ್ರತಿ ಮನೆಗೂ ಕಟ್ಟೆಯ ನೀರಿನಲ್ಲಿ ಸಮಪಾಲು. ಭೂಹೀನರು ತಮ್ಮ ಪಾಲನ್ನು ಬೇರೆಯವರಿಗೆ ಕೊಡಬಹುದಿತ್ತು. ಆಗ ಗುಡ್ಡ ಕಾಯುವುದು ಎಲ್ಲರ ಹಿತವಾಯಿತು, ಹುಲ್ಲು ಮರಳಿತು, ಸುಖನಾಕ್ಕೆ ಬರುವ ಹೂಳು ಇಳಿಯಿತು. ಕಾವಲುಗಾರನನ್ನು ನೇಮಿಸದೆ, ಬೇಲಿ ಹಾಕದೆ ಆದ ಕೆಲಸ ಇದು.

ಹಂಸಭಾವಿಯ ಸುತ್ತಿನ ಗುಡ್ಡಗಳಲ್ಲಿ ಕುರಿ ಕಾಯುವವರು, ಮೇಲಿನ ಮಸಾರಿಯ ಸಣ್ಣ ರೈತರು ಆ ನಿರ್ಧಾರಕ್ಕೆ ಮೊದಲಿನ ಸುಖೋಮಾಜ್ರಿಯ ಭೂಹೀನರ ಸ್ಥಿತಿಯಲ್ಲಿದ್ದಾರೆ. ಅವರು ಮೇಯಿಸುವುದನ್ನು ತಡೆದರೆ ಲಾಭ ಕೆಳಗಿನ ಗದ್ದೆಯವರದು. ಆ ಲಾಭದಲ್ಲಿ ಅವರಿಗೆ ಪಾಲು ಏನು? ಕತ್ತರಿಸಿ ಒಯ್ಯುವ ಹುಲ್ಲಿನ ಹಕ್ಕೋ, ಕೆರೆಯ ಮೀನಿನ ಹರಾಜಿನಲ್ಲಿ ಒಂದು ಭಾಗವೋ, ಗುಡ್ಡದ ಸೀತಾಫಲ, ಹುಣಸೆಯ ಫಸಲೋ, ಸರದಿಯ ಮೇಲೆ ತೆರೆದಿಡುವ ಮೇವಿನ ಜಾಗವೋ, ಅದನ್ನು ಆಯಾ ಊರೇ ಹೇಳಬೇಕು. ಮೂರು ಭಾಗ ಮಾಡಿ ಒಂದನ್ನು ಮುಚ್ಚಿ ಎರಡನ್ನು ಮೇಯಿಸಿದರೂ ಎರಡು ಮಳೆಗಾಲದಲ್ಲಿ ಹುಲ್ಲಿನ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಬೇರು ಸತ್ತಿಲ್ಲದ ಗುಡ್ಡಕ್ಕೆ ನೆಡುವ ಖರ್ಚೇ ಬೇಕಿಲ್ಲ.

ಏತ ನೀರಾವರಿಯಿಂದ ಕೆರೆ ತುಂಬಿಸುವ ಯೋಜನೆಗಳು ಈಗ ಹಾನಗಲ್, ಹಿರೇಕೆರೂರು, ಸವಣೂರು, ಶಿಗ್ಗಾಂವಿ ತಾಲ್ಲೂಕುಗಳ ಮಾತಿನಲ್ಲಿವೆ. ಬರದ ವರ್ಷದಲ್ಲಿ ಅವು ಊರನ್ನು ಉಳಿಸುತ್ತವೆ, ಅದನ್ನು ಅಲ್ಲಗಳೆಯಲಾರೆ. ಆದರೆ ಪೈಪಿನಲ್ಲಿ ನೀರು ಬರುವ ಕೆರೆಯ ಮೇಲಿನ ನೆಲವನ್ನು ಊರು ಮರೆಯತೊಡಗುತ್ತದೆ. ಕೆರೆಗೆ ಇಳಿಯುವ ಹಳ್ಳ ಒತ್ತುವರಿಯಾದರೂ ಕೇಳುವವರಿಲ್ಲ, ಗುಡ್ಡದಲ್ಲಿ ಗರಸು ಅಗೆದರೂ ತಡೆಯುವವರಿಲ್ಲ. ಪಂಪು ನಿಂತ ವರ್ಷ ಏನೂ ಉಳಿದಿರುವುದಿಲ್ಲ.

ಸುಜಲದ ಮೊದಲ ವರ್ಷಗಳ ಬದು, ತಡೆಗಳಿಗೆ ಈಗ ಇಪ್ಪತ್ತು ವರ್ಷದ ಮೇಲೆ ವಯಸ್ಸಾಗಿದೆ. ಕಲ್ಲಿನ ತಡೆಯ ಹಿಂದೆ ಮಣ್ಣು ತುಂಬಿ ಸಮನಾಗಿದ್ದರೆ ಅದು ತನ್ನ ಕೆಲಸ ಮುಗಿಸಿದೆ, ಅಲ್ಲಿ ಈಗ ಹುಲ್ಲು ಹಚ್ಚಬೇಕು. ಬದುವಿನ ನೀರು ಹೊರಹೋಗುವ ಬಾಯಿಯ ಕಲ್ಲು ಸರಿದಿದ್ದರೆ ಅದನ್ನು ಕೂರಿಸುವುದು ಇಬ್ಬರ ಅರ್ಧ ದಿನದ ಕೆಲಸ. ಬಿಟ್ಟರೆ ಒಂದು ಮಳೆಗೆ ಎರಡು ಹೊಲ ಹೋಗುತ್ತವೆ. ಅಡ್ಡ ಮಳೆ ಬಿದ್ದು ಮಿರ್ಗ ಕೂಡುವುದರೊಳಗೆ ಈ ದುರಸ್ತಿ ಮುಗಿಯಬೇಕು. ಊರಿನ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ, ಗುಡ್ಡದ ಬುಡದಲ್ಲೊಂದು ಕೆರೆಯ ಕೆಳಗೊಂದು ತೆರೆದ ಬಾವಿಯ ನೀರಿನ ಮಟ್ಟ ತಿಂಗಳಿಗೊಮ್ಮೆ, ಕೋಡಿ ಬಿದ್ದ ದಿನ, ತೂಬು ಎತ್ತಿದ ದಿನ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದರೆ ಐದಾರು ವರ್ಷಕ್ಕೆ ಆ ಹಳ್ಳದ ಬಗ್ಗೆ ಯಾವ ಇಲಾಖೆಗೂ ತಿಳಿಯದ್ದು ಊರಿಗೆ ತಿಳಿದಿರುತ್ತದೆ. ಆ ಪುಸ್ತಕವನ್ನು ಗ್ರಾಮಸಭೆಯಲ್ಲಿ ಓದುವ ದಿನ ಕುರಿಯವರು, ಮೇಲಿನ ಹೊಲದವರು, ಬೋರ್‌ವೆಲ್ಲಿನವರು, ಗದ್ದೆಯವರು ನಾಲ್ವರೂ ಹಾಜರಿರಬೇಕು. ಆ ವರ್ಷ ಗುಡ್ಡದ ಯಾವ ಭಾಗ ಮುಚ್ಚಬೇಕು, ಕೆರೆಗೆ ಎಷ್ಟು ಬಿಡಬೇಕು ಎಂಬುದು ಅಲ್ಲೇ ತೀರ್ಮಾನವಾಗಬೇಕು.